ಚರಂಡಿಗೆ ಬೆನ್ನು ತಿರುಗಿಸಿದ ಕಚೇರಿ

ಬೇಗೂರಿನ ನಾಗೇಶ್ವರ ದೇವಾಲಯದ ಶಾಸನದ ವಿಷಯ ನಿಮಗೆ ಗೊತ್ತಿರಬಹುದು. ಸುಮಾರು ಕ್ರಿ.ಶ. 900ರ ಆ ಕಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ, ಅದೂ ಒಂದು ಕಾಳಗದ ಸಂದರ್ಭದಲ್ಲಿ. ಅದೇ ಬೇಗೂರು ಕಂದಾಯ ದಾಖಲೆಗಳಲ್ಲಿ ಒಂದು ಹೋಬಳಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳು ಈ ಹೋಬಳಿಯವು. ಆರ್. ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಆರಿಸಿಕೊಂಡ 332 ಎಕರೆ ಜಾಗ ಇವೇ ಊರುಗಳದು. ಇಂದು ಬೇಗೂರಿನಿಂದ ಹೊಸೂರು ರಸ್ತೆಗೆ ಬಂದು ನಿಂತರೆ ನಿಮಗೆ ಮೊದಲು ಕಾಣುವುದು ಬಿಸಿಲಿಗೆ ಮಿರುಗುವ ಗಾಜಿನ ಗೋಡೆಗಳು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, ಹಿತವಾದ ಹವೆಗೆ ಹೆಸರಾದ ಊರಿನ ಕಚೇರಿಗಳು ವರ್ಷವಿಡೀ ತಂಪುಯಂತ್ರವಿಲ್ಲದೆ ನಡೆಯವು ಎಂದಾದದ್ದು ಹೇಗೆ?

ಮೊದಲು ಹೀಗಿರಲಿಲ್ಲ. ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ, ಅಠಾರಾ ಕಚೇರಿ, ಮುಗಿದದ್ದು 1868ರಲ್ಲಿ. ಹದಿನೆಂಟು ಇಲಾಖೆಗಳು ಅಲ್ಲಿ ಕೆಲಸ ಮಾಡಬೇಕಿತ್ತು. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಎಂದರೆ ಮೂವತ್ತೇಳು ವರ್ಷ ಅಲ್ಲಿನ ಗುಮಾಸ್ತರು ಕಿಟಕಿಯ ಬೆಳಕನ್ನೂ ಗಾಳಿಯನ್ನೂ ನಂಬಿಯೇ ಕಡತ ಬರೆದರು. ದಪ್ಪ ಗೋಡೆ, ಎತ್ತರದ ಚಾವಣಿ, ಕಂಬಸಾಲಿನ ಮೊಗಸಾಲೆ ಇವೆಲ್ಲ ಬರೀ ಅಂದಕ್ಕೆ ಇದ್ದವಲ್ಲ. ಆಗ ಬೇರೆ ದಾರಿಯೂ ಇರಲಿಲ್ಲ ಎನ್ನಿ.

ತಂಪುಯಂತ್ರ ಬಂದ ಮೇಲೆ ವಾಸ್ತುಶಿಲ್ಪಿಗೆ ಸೂರ್ಯನ ದಿಕ್ಕು ನೋಡುವ ಅಗತ್ಯ ತಪ್ಪಿತು. ತೊಂಬತ್ತರ ದಶಕದ ಸಾಫ್ಟ್‌ವೇರ್ ಭರಾಟೆಯಲ್ಲಿ ಚಳಿದೇಶಗಳ ಗಾಜಿನ ಪೆಟ್ಟಿಗೆ ಇಲ್ಲಿಗೂ ಬಂತು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆದರೆ ಕಾದ ಮೇಜು, ನೆಲಗಳಿಂದ ಹೊಮ್ಮುವ ದೀರ್ಘ ತರಂಗಗಳ ಶಾಖವನ್ನು ಸುಲಭವಾಗಿ ಹೊರಗೆ ಬಿಡದು. ಇಂಥ ಕಚೇರಿಯೊಂದರ ಒಳಗೆ ಮಧ್ಯಾಹ್ನ ಹೋಗಿ ನೋಡಿ. ಬೆಳಕಿಗೆಂದು ಗಾಜು, ಗಾಜಿನಿಂದ ಸೆಖೆ, ಸೆಖೆಗೆ ಪರದೆ, ಪರದೆಯಿಂದ ಕತ್ತಲೆ, ಕತ್ತಲೆಗೆ ದೀಪ!

ಇದೇ ನಗರದಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಇನ್ನೊಂದು ಬಗೆಯ ಕಚೇರಿ ಎದ್ದಿತು. ಅದು ದೊಮ್ಮಲೂರಿನ ‘ಟೆರಿ’ ಸಂಸ್ಥೆಯ ಕಟ್ಟಡ. ವಿನ್ಯಾಸ ಸಂಜಯ್ ಮೊಹೆ ಅವರದು. ನಿವೇಶನ ನೋಡಿದವರು ಮೂಗು ಮುಚ್ಚಿಕೊಳ್ಳಬೇಕು, ಹಾಗಿತ್ತು: ದಕ್ಷಿಣಕ್ಕೆ ತೆರೆದ ದೊಡ್ಡ ಚರಂಡಿ. ಗಾಳಿಗೆಂದು ಆ ಕಡೆ ಕಿಟಕಿ ಇಟ್ಟರೆ ದುರ್ವಾಸನೆಯೇ ಒಳಗೆ. ಬೇರೆಯವರಾಗಿದ್ದರೆ ಎಲ್ಲ ಕಿಟಕಿ ಮುಚ್ಚಿ ಏಸಿ ಹಾಕಿಸುತ್ತಿದ್ದರು.

ಇಲ್ಲಿ ಮಾಡಿದ್ದೇ ಬೇರೆ. ಕಟ್ಟಡ ಚರಂಡಿಗೆ ಬೆನ್ನು ಮಾಡಿತು. ದಕ್ಷಿಣಕ್ಕೆ ಕಿಟಕಿಗಳಿಲ್ಲದ ಗೋಡೆ. ಅದರ ಹೊರಮೈಗೆ ಕಪ್ಪು ಕಡಪ ಕಲ್ಲು, ಕಲ್ಲಿಗೂ ಒಳಗೋಡೆಗೂ ನಡುವೆ ಟೊಳ್ಳು. ನಮ್ಮ ಅಕ್ಷಾಂಶ 13 ಡಿಗ್ರಿ ಉತ್ತರ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಎಂಟು ತಿಂಗಳು ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆ ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಟೊಳ್ಳಿನ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇರುತ್ತದೆ. ಮೇಲೇರಿದ ಗಾಳಿಯ ಜಾಗಕ್ಕೆ ಕೋಣೆಗಳ ಗಾಳಿ ಸರಿಯುತ್ತದೆ. ಕೋಣೆಗಳಿಗೆ ಉತ್ತರದ ತೋಟದ ಕಡೆಯಿಂದ ತಂಪು ಗಾಳಿ ಬರುತ್ತದೆ. ಸೌದೆ ಒಲೆಯ ಹೊಗೆಗೂಡಿನ ತತ್ವವೇ ಇದು, ಇಲ್ಲಿ ಒಲೆ ಮಾತ್ರ ಸೂರ್ಯ. ಮೇ, ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಹೋದಾಗ ಗೋಡೆಯ ಕೆಲಸ ಕುಗ್ಗುವುದು ಸಹಜ. ಉತ್ತರಕ್ಕೆ ದೊಡ್ಡ ಕಿಟಕಿಗಳು, ಮೇಲೆ ಬೆಳಕಿಂಡಿಗಳು, ಅವುಗಳ ಜೊತೆಗೇ ಸೌರ ಫಲಕಗಳು, ತಾರಸಿಯಲ್ಲಿ ಹುಲ್ಲು, ಮಳೆನೀರಿಗೆ ಸಂಗ್ರಹ. ಇವೆಲ್ಲ ಆಮೇಲಿನವು, ಮುಖ ಎತ್ತ, ಬೆನ್ನು ಎತ್ತ ಎಂಬ ಮೊದಲ ತೀರ್ಮಾನದಿಂದ ಹೊರಟವು.

ಎಲ್ಲ ಕಚೇರಿಗಳೂ ಹೀಗೆ ಬರೀ ಗಾಳಿಯಲ್ಲಿ ನಡೆಯಲಾರವು. ಸಾವಿರಾರು ಗಣಕಗಳೂ ಜನರೂ ಇರುವಲ್ಲಿ ಯಂತ್ರ ಬೇಕೇ ಬೇಕು. ಇಲ್ಲಿ ಕಥೆ ಮತ್ತೆ ಬೇಗೂರು ಹೋಬಳಿಗೆ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್ ಸ್ವತಃ ಗಾಜಿನ ಕಟ್ಟಡಗಳಿಗೆ ಹೆಸರಾಗಿತ್ತು. 2008ರ ಸುಮಾರಿಗೆ ಅದು ತನ್ನ ವಿದ್ಯುತ್ ಲೆಕ್ಕವನ್ನು ಮತ್ತೆ ತೆರೆಯಿತು. ಹೈದರಾಬಾದಿನ ಪೋಚಾರಂ ಆವರಣದಲ್ಲಿ 2011ರಲ್ಲಿ ಅದು ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ, ಏಕೆಂದರೆ ಅದು ಪ್ರಯೋಗಶಾಲೆಯ ಪದ್ಧತಿ. ಒಂದೇ ಕಟ್ಟಡ, ಎರಡು ಸಮ ಭಾಗ. ಬಿಸಿಲು ತಡೆಯುವ ಗೋಡೆ, ಕಿಟಕಿ ಎರಡಕ್ಕೂ ಒಂದೇ. ಒಂದರಲ್ಲಿ ಉತ್ತಮ ದರ್ಜೆಯ ಮಾಮೂಲಿ ಏಸಿ. ಇನ್ನೊಂದರಲ್ಲಿ ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಂಪು ನೀರು. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು, ಹಾಗಾಗಿ ದೊಡ್ಡ ಫ್ಯಾನುಗಳ ದುಡಿಮೆ ತಗ್ಗುತ್ತದೆ. ತಣ್ಣೀರ ಲೋಟ ಬೆವರುವಂತೆ ಚಾವಣಿಯೂ ಬೆವರಬಾರದಲ್ಲ? ಅದಕ್ಕೆಂದೇ ನೀರನ್ನು ಕೊರೆಯುವಷ್ಟು ತಣ್ಣಗೆ ಮಾಡುವುದಿಲ್ಲ, ಒಳಗೆ ಬಿಡುವ ಗಾಳಿಯ ತೇವವನ್ನು ಮೊದಲೇ ತೆಗೆಯುತ್ತಾರೆ. ತಂಪಿಗೆ ತಗಲಿದ ವಿದ್ಯುತ್ತು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಯಿತು. ಕಟ್ಟುವ ಖರ್ಚು ಹೆಚ್ಚಲಿಲ್ಲ.

ಹಾಗಾದರೆ ಹೊಸೂರು ರಸ್ತೆ ಇನ್ನೂ ಏಕೆ ಮಿರುಗುತ್ತಿದೆ? ಟೆರಿಯೂ ಇನ್ಫೋಸಿಸ್ಸೂ ತಮಗಾಗಿಯೇ ಕಟ್ಟಿಕೊಂಡವು. ಕಟ್ಟಿದವರೇ ಕರೆಂಟು ಬಿಲ್ಲು ಕಟ್ಟುವವರು. ನಗರದ ಬಹುಪಾಲು ಕಚೇರಿಗಳನ್ನು ಕಟ್ಟುವವರು ಬೇರೆ, ಬಾಡಿಗೆಗೆ ಬಂದು ಬಿಲ್ಲು ಕಟ್ಟುವವರು ಬೇರೆ. ಗೋಡೆಗೆ ನೆರಳು ಮಾಡಿಸಿದ ಮಾಲೀಕನಿಗೆ ಅದರ ಲಾಭವಿಲ್ಲ, ಲಾಭ ಬೇಕಾದ ಬಾಡಿಗೆದಾರನಿಗೆ ಗೋಡೆಯ ಮೇಲೆ ಅಧಿಕಾರವಿಲ್ಲ. ಇಂಥ ಕಡೆ ಕಾನೂನು ಬೇಕು. ಮಳೆನೀರಿನ ವಿಷಯದಲ್ಲಿ ಅದು ಬಂತು: 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು ನೀರಿನ ಕೊಯ್ಲನ್ನು ಕಡ್ಡಾಯ ಮಾಡಿದರು, 2011ರಲ್ಲಿ ಜಯನಗರದಲ್ಲಿ ಅದನ್ನು ಕಲಿಸಲೆಂದೇ ಒಂದು ಉದ್ಯಾನ ತೆರೆದರು. ಶಾಖದ ವಿಷಯದಲ್ಲಿ 2007ರ ಕೇಂದ್ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಶುರುವಿನಲ್ಲಿ ಇಚ್ಛೆಯಿದ್ದವರಿಗಷ್ಟೇ ಎಂಬಂತಿತ್ತು.

ನೀರು, ಶಾಖ ಬೇರೆ ಬೇರೆ ಲೆಕ್ಕ ಎನಿಸಬಹುದು. ಅಲ್ಲ. ಅನೇಕ ದೊಡ್ಡ ಏಸಿ ಘಟಕಗಳು ಕಟ್ಟಡದ ಶಾಖವನ್ನು ಹೊರಹಾಕುವುದು ತಾರಸಿಯ ತಂಪುಗೋಪುರಗಳಲ್ಲಿ ನೀರನ್ನು ಆವಿಯಾಗಿಸಿ. 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಜನ ಕಾದು ನಿಂತರಲ್ಲ, ಆಗಲೂ ಗಾಜಿನ ಗೋಡೆ ಒಳಗೆ ಬಿಟ್ಟ ಬಿಸಿಲನ್ನು ಹೊರಗೆ ಕಳಿಸಲು ಆ ಗೋಪುರಗಳಿಗೆ ನೀರು ಬೇಕಾಗಿತ್ತು.