ಓಲೆಗಳ ಪಾಳೆಯಪಟ್ಟು

1980ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಕಚೇರಿಗಳಲ್ಲಿ ಮೇಜಿನ ಮೇಲೆ ಪರ್ಸನಲ್ ಕಂಪ್ಯೂಟರ್ ಬಂದು ಕೂತಿತ್ತು. ಅವನ್ನು ಕೇಬಲ್ಲಿನಿಂದ ಬೆಸೆದ ಲ್ಯಾನ್‌ಗಳು ಮಹಡಿಯಿಂದ ಮಹಡಿಗೆ ಹಬ್ಬಿದವು. ಜಾಲ ಬಂದಲ್ಲಿ ಇಮೇಲೂ ಬಂತು. ಆದರೆ ಅದಕ್ಕೆ ಒಂದೇ ಕಟ್ಟಳೆ ಇರಲಿಲ್ಲ. ನಾವೆಲ್‌ನ ನೆಟ್‌ವೇರ್ ಇದ್ದಲ್ಲಿ ಎಂಎಚ್‌ಎಸ್, ಬನ್ಯನ್‌ನ ವೈನ್ಸ್ ಇದ್ದಲ್ಲಿ ಅದರದೇ ಅಂಚೆ, ಇನ್ನೊಂದೆಡೆ ಸಿಸಿ:ಮೇಲ್, ಮೇನ್‌ಫ್ರೇಮ್ ನಂಬಿದವರಿಗೆ ಐಬಿಎಂನ ಪ್ರಾಫ್ಸ್. ವಿಜಯನಗರ ಕುಸಿದ ಮೇಲಿನ ಪಾಳೆಯಗಾರರ ಹಾಗೆ ಪ್ರತಿಯೊಂದಕ್ಕೂ ತನ್ನದೇ ಕೋಟೆ, ತನ್ನದೇ ಸುಂಕ.

ಸಿಸಿ:ಮೇಲ್‌ನ ಅಂಚೆಮನೆಯೆಂದರೆ ಫೈಲ್ ಸರ್ವರ್‌ನಲ್ಲಿದ್ದ ಹಂಚಿಕೆಯ ಒಂದು ಜಾಗ. ಬರೆಯುವವರೂ ಓದುವವರೂ ಅಲ್ಲಿನ ಅದೇ ಫೈಲುಗಳಿಗೆ ಕೈಹಾಕಬೇಕು. ಕಟ್ಟಡದೊಳಗೆ ಇದು ಚೆನ್ನಾಗಿಯೇ ನಡೆಯಿತು. ಓಲೆ ಬೇರೆ ವ್ಯವಸ್ಥೆಗೆ ಹೋಗಬೇಕೆಂದರೆ ಮಾತ್ರ ಒಂದು ಪಿಸಿಯನ್ನು ಅದಕ್ಕೆಂದೇ ಮೀಸಲಿಟ್ಟು, ಗೇಟ್‌ವೇ ಎಂಬ ದುಭಾಷಿ ತಂತ್ರಾಂಶವನ್ನು ಹಗಲಿರುಳು ಓಡಿಸಬೇಕಿತ್ತು. ಐದು ಬಗೆಯ ಅಂಚೆಯಿದ್ದರೆ ಜೋಡಿಗೊಂದರಂತೆ ಹತ್ತು ದುಭಾಷಿಗಳು. ಹಾದಿಯಲ್ಲಿ ಲಗತ್ತು ಕಳಚಿಹೋದರೆ ಕೇಳುವವರಿಲ್ಲ. ಎಂಎಚ್‌ಎಸ್‌ನಲ್ಲಿ ಹೆಸರಿಗೆ ಎಂಟೇ ಅಕ್ಷರ. ವೆಂಕಟಸುಬ್ಬಯ್ಯ ಎಂದು ಇಂಗ್ಲಿಷಿನಲ್ಲಿ ಬರೆಯಹೊರಟವರು ಅರ್ಧದಲ್ಲೇ ನಿಲ್ಲಬೇಕಿತ್ತು.

ಸಮಾನ ಮಾನಕ ಬೇಕೆಂಬುದನ್ನು ಎಲ್ಲರೂ ಒಪ್ಪಿದ್ದರು. ಸರಕಾರಗಳೂ ದೂರಸಂಪರ್ಕ ಇಲಾಖೆಗಳೂ ಕೂಡಿ 1984ರಲ್ಲೇ ಎಕ್ಸ್.400 ಎಂಬ ಶಾಸನವನ್ನು ಹೊರಡಿಸಿದ್ದವು. ಅದರಲ್ಲಿ ವಿಳಾಸವೆಂದರೆ ದೇಶ, ಸೇವೆ ಕೊಡುವ ಆಡಳಿತ, ಖಾಸಗಿ ವಲಯ, ಸಂಸ್ಥೆ, ಮನೆತನದ ಹೆಸರು, ಸ್ವಂತ ಹೆಸರು ಇವನ್ನೆಲ್ಲ ಬೇರೆ ಬೇರೆಯಾಗಿ ನಮೂದಿಸಬೇಕು. ಘನವಾದ ಕೆಲಸ, ಆದರೆ ಸಾಮಾನ್ಯ ಕಚೇರಿಯ ಪಿಸಿಗೆ ಹೊರಲಾರದ ಭಾರ. ಕಂಪನಿಗಳ ಪೈಪೋಟಿ ಇನ್ನೊಂದು ಕಡೆ. 1991ರಲ್ಲಿ ಲೋಟಸ್ ಸಿಸಿ:ಮೇಲನ್ನು ಕೊಂಡಿತು. ಮೈಕ್ರೋಸಾಫ್ಟ್ ಮಾಪಿ ಎಂದರೆ, ಎದುರು ಪಾಳೆಯದ ಲೋಟಸ್, ಆ್ಯಪಲ್, ಬೋರ್ಲೆಂಡ್, ನಾವೆಲ್ ವಿಮ್ ಎಂದವು. ಈ ಎರಡು ಮಾನಕಗಳೂ ತಂತ್ರಾಂಶವು ಅಂಚೆಯನ್ನು ಕರೆಯುವ ಬಗೆಯನ್ನಷ್ಟೇ ನಿಗದಿ ಮಾಡಿದವು. ಓಲೆ ಊರಿಂದೂರಿಗೆ ಹೋಗುವ ದಾರಿಯ ಪ್ರಶ್ನೆ ಹಾಗೇ ಉಳಿಯಿತು.

ಆ ದಾರಿ ಆಗಲೇ ಸಿದ್ಧವಿತ್ತು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ, ಡೇವಿಡ್ ಕ್ರಾಕರ್ ಬರೆದ ಓಲೆಯ ನಮೂನೆ ಎರಡೂ ಯಾರು ಬೇಕಾದರೂ ಓದಿ ಬಳಸಬಹುದಾದ ಕಾಗದಗಳು. ಒಂದು ಯಂತ್ರ ಹೆಲೊ ಅನ್ನುತ್ತದೆ. ಯಾರಿಂದ, ಯಾರಿಗೆ ಎಂದು ಹೇಳುತ್ತದೆ. ಒಕ್ಕಣೆಯನ್ನು ಒಪ್ಪಿಸಿ, ಸಾಲಿನಲ್ಲಿ ಒಂಟಿ ಚುಕ್ಕಿಯಿಟ್ಟು ಮುಗಿಸುತ್ತದೆ. ಅದರ ಕೊರತೆಯೂ ದೊಡ್ಡದೇ: ಇಂಗ್ಲಿಷಿನ ಲಿಪಿ ಬಿಟ್ಟರೆ ಬೇರೆ ಅಕ್ಷರಕ್ಕೆ ಎಡೆಯಿಲ್ಲ, ಚಿತ್ರಕ್ಕೂ ಇಲ್ಲ. ಬೆಲ್‌ಕೋರ್‌ನ ನಥೇನಿಯಲ್ ಬೋರೆನ್‌ಸ್ಟೈನ್ ಅವರು ನೆಡ್ ಫ್ರೀಡ್ ಜೊತೆ ಸೇರಿ ಮೈಮ್ ಎಂಬ ಮಾನಕ ರಚಿಸಿ ಆ ಕೊರತೆಯನ್ನು ತುಂಬಿದರು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಮ್ಮ ಗಾಯನ ತಂಡದ ಚಿತ್ರವನ್ನೂ ಹಾಡನ್ನೂ ಒಂದೇ ಓಲೆಯಲ್ಲಿ ಕಳಿಸಿದರು.

ನಮ್ಮಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಜಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೇಂದ್ರಗಳನ್ನು ಬೆಸೆಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ಟನ್ನು ಜನಸಾಮಾನ್ಯರಿಗೆ ತೆರೆಯಿತು. ಆ ಹೊತ್ತಿಗೆ ಇಮೇಲ್ ಪೈಪೋಟಿಯ ತೀರ್ಪು ಹೊರಬಿದ್ದಾಗಿತ್ತು. ಯಾವ ಕಂಪನಿಯ ಸ್ವತ್ತೂ ಅಲ್ಲದ ಆ ಕಾಗದಗಳೇ ಗೆದ್ದವು, ಅದು ನ್ಯಾಯವಾದ ಗೆಲುವು. ಸಿಸಿ:ಮೇಲ್‌ನ ಮಾರಾಟ 2000ದಲ್ಲಿ ನಿಂತಿತು. ಇಂದು ನಾವು ಕನ್ನಡದಲ್ಲಿ ಬರೆದ ಇಮೇಲ್ ಲೋಕದ ಯಾವ ಮೂಲೆಯಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುವುದು ಯೂನಿಕೋಡ್ ಮತ್ತು ಮೈಮ್‌ನ ಬಲದಿಂದ.