ಉಳ್ಳಾಗಡ್ಡಿ ಪೊರೆ, ಬಟಾಟಿ ಬಟ್ಟಲು: ಒಂದು ವಿಜ್ಞಾನ ಪಾಠದ ಚರಿತ್ರೆ

ಶಾಲೆಯ ಚರಿತ್ರೆ ಎಂದರೆ ಕಟ್ಟಡ ಎದ್ದ ವರ್ಷ, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್.ಎಸ್.ಎಲ್.ಸಿ. ಫಲಿತಾಂಶ ಇವೇ ಮೊದಲು ನೆನಪಾಗುತ್ತವೆ. ಅವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ನಾನು ಇಲ್ಲಿ ಹೇಳಹೊರಟಿರುವುದು ಒಂದು ಚಿಕ್ಕ ಪಾಠದ ಚರಿತ್ರೆಯನ್ನು. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಸಸ್ಯಕೋಶದ ಚಿತ್ರ ಬರೆದಿದ್ದಾರೆ, ಗೆರೆ ಎಳೆದು ‘ಕೋಶಭಿತ್ತಿ’ ಎಂದು ಹೆಸರು ಹಾಕಿದ್ದಾರೆ. ಆದರೆ ಆ ಗೋಡೆಯನ್ನು ಕಣ್ಣಾರೆ ಕಂಡವರು ಎಷ್ಟು ಜನ? ಅದರ ಮೂಲಕ ನೀರು ಹೇಗೆ ಒಳಹೊರಗೆ ಹೋಗುತ್ತದೆಂದು ಮಾಡಿ ನೋಡಿದವರು ಎಷ್ಟು ಜನ?

ನಮ್ಮ ಹಿರಿಯರ ಕಾಲಕ್ಕೆ ಈ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ ಇದ್ದವು. 1956ರಲ್ಲಿ ಎಲ್ಲವೂ ವಿಶಾಲ ಮೈಸೂರು ರಾಜ್ಯದೊಳಗೆ ಬಂದವು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಅಂದಿನ ಬಹಳಷ್ಟು ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲು ಎಂದರೆ ಬುತ್ತಿ ಕಟ್ಟಿಕೊಂಡು ಪಟ್ಟಣಕ್ಕೆ ಹೋಗುವುದೇ ಆಗಿತ್ತು. ಸರ್ಕಾರಿ ಪ್ರೌಢಶಾಲೆ ಊರಿಗೇ ಬಂದಾಗ ಓದು ಹತ್ತಿರವಾಯಿತು. ಮುದ್ರಣ ಕಾಶಿ ಎನಿಸಿಕೊಂಡ ಗದಗು ಪಕ್ಕದಲ್ಲೇ ಇದ್ದುದರಿಂದ ಪುಸ್ತಕಕ್ಕೆ ಬರವಿರಲಿಲ್ಲ, ಬರವಿದ್ದದ್ದು ಸೂಕ್ಷ್ಮದರ್ಶಕಕ್ಕೆ. ಹೀಗಾಗಿ ಕೋಶದ ಪಾಠ ಹೆಚ್ಚಾಗಿ ಕರಿಹಲಗೆಯ ಮೇಲೆ, ಬಣ್ಣದ ಸೀಮೆಸುಣ್ಣದಲ್ಲೇ ಮುಗಿಯುತ್ತಿತ್ತು.

ಆದರೆ ಈ ಪಾಠ ಹುಟ್ಟಿದ್ದು ಕರಿಹಲಗೆಯ ಮೇಲಲ್ಲ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬಾಟಲಿಯ ಬಿರಟೆಗೆ ಬಳಸುವ ಕಾರ್ಕಿನ ತೆಳುವಾದ ಚೂರನ್ನು ತನ್ನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಜೇನುಹುಟ್ಟಿನಂತೆ ಖಾಲಿ ಕೋಣೆಗಳು ಕಂಡವು. ಕೋಣೆ ಎಂಬ ಅರ್ಥದಲ್ಲಿ ‘ಸೆಲ್’ ಎಂದು ಕರೆದ. ಅವನಿಗೆ ಕಂಡದ್ದು ಸತ್ತ ಕೋಶಗಳ ಗೋಡೆ ಮಾತ್ರ. ನಮ್ಮ ಕನ್ನಡದ ‘ಕೋಶ’ ಎಂಬ ಮಾತಿಗೆ ಭಂಡಾರ ಎಂಬ ಅರ್ಥವೂ ಇದೆ. ಒಳಗೆ ಏನೋ ಇದೆ ಎಂದು ಈ ಮಾತೇ ಹೇಳುತ್ತದೆ.

ಆ ಗೋಡೆಯ ಮುಖ್ಯ ವಸ್ತುವನ್ನು ಫ್ರಾನ್ಸಿನ ಪಾಯೆನ್ 1838ರಲ್ಲಿ ಬೇರ್ಪಡಿಸಿ ತೋರಿಸಿದ, ಅದೇ ಸೆಲ್ಯುಲೋಸ್. ಇದನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಉದ್ದವಾಗಿ ಬೆಳೆದ ಒಂದೇ ಒಂದು ಕೋಶ. ಕಾಯಿ ಒಡೆದು ಒಣಗಿದ ಮೇಲೆ ಒಳಗಿನ ಜೀವ ಹೋಗಿ ಉಳಿಯುವುದು ಬಹುಪಾಲು ಸೆಲ್ಯುಲೋಸಿನ ಗೋಡೆ ಮಾತ್ರ. ಗದಗಿನ ಮಾರುಕಟ್ಟೆಗೆ ಬರುವ ಅರಳೆ, ಬೆಟಗೇರಿಯ ಮಗ್ಗದ ಮೇಲಿನ ಹತ್ತಿ ನೂಲು, ಎರಡೂ ಕೋಶಭಿತ್ತಿಯೇ.

ನೀರಿನ ಕಥೆ ಬೇರೆ ಕಡೆಯಿಂದ ಶುರುವಾಯಿತು. 1748ರಲ್ಲಿ ಫ್ರಾನ್ಸಿನ ನೊಲೆ ಎಂಬಾತ ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟ. ನೀರು ಒಳಗೆ ನುಗ್ಗಿ ಪೊರೆ ಉಬ್ಬಿ ನಿಂತಿತು. ಇದೇ ಅಭಿಸರಣೆ. 19ನೆಯ ಶತಮಾನದಲ್ಲಿ ದ್ಯುತ್ರೋಶೆ ಇದನ್ನು ವಿವರವಾಗಿ ಅಭ್ಯಾಸ ಮಾಡಿದ. ಥಾಮಸ್ ಗ್ರಹಾಂ ಅನಿಲ ಮತ್ತು ದ್ರವಗಳ ವಿಸರಣೆಯನ್ನು ಅಳೆದ. 1855ರಲ್ಲಿ ಫಿಕ್ ಅದಕ್ಕೆ ಗಣಿತದ ನಿಯಮ ಕೊಟ್ಟ. ಊದಿನಕಡ್ಡಿಯ ವಾಸನೆ ಕೋಣೆಯ ತುಂಬ ಹರಡುವುದು ವಿಸರಣೆ. ಪಾಯಸದಲ್ಲಿ ಒಣದ್ರಾಕ್ಷಿ ಉಬ್ಬುವುದು, ಉಪ್ಪು ಹಚ್ಚಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದು ಅಭಿಸರಣೆ. ಉಪ್ಪಿನಕಾಯಿ ಹಾಕುವ ನಮ್ಮ ತಾಯಂದಿರು ಹೆಸರು ತಿಳಿಯದೆಯೇ ಈ ಪ್ರಯೋಗವನ್ನು ವರ್ಷವರ್ಷವೂ ಮಾಡುತ್ತ ಬಂದಿದ್ದಾರೆ.

ಈ ಎರಡು ಕಥೆಗಳನ್ನು ಕೂಡಿಸಿದವರಲ್ಲಿ ಪ್ರಮುಖ ಹಾಲೆಂಡಿನ ಹ್ಯೂಗೋ ಡಿ ವ್ರೀಸ್. ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣವಿರುವ ಉದ್ದ ಎಲೆಯ ಒಂದು ಅಲಂಕಾರ ಗಿಡದ ಸಿಪ್ಪೆ ಸುಲಿದು, ಅದನ್ನು ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಲ್ಲಿ ಇಟ್ಟು ನೋಡಿದ. ದ್ರಾವಣ ಸಾಕಷ್ಟು ಗಟ್ಟಿಯಾಗಿದ್ದರೆ ಒಳಗಿನ ಬಣ್ಣದ ಭಾಗ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತಿತ್ತು, ಗೋಡೆ ಮಾತ್ರ ಇದ್ದಲ್ಲೇ ಇರುತ್ತಿತ್ತು. 1884ರಲ್ಲಿ ಪ್ರಕಟವಾದ ಅವನ ಅಳತೆಗಳು, ಜರ್ಮನಿಯ ಫೆಫರ್ 1877ರಲ್ಲಿ ಕೊಟ್ಟ ಅಳತೆಗಳು, ಎರಡೂ ಆಮ್‌ಸ್ಟರ್‌ಡ್ಯಾಮಿನ ವಾಂಟ್ ಹಾಫ್‌ಗೆ ದ್ರಾವಣಗಳ ಸಿದ್ಧಾಂತ ಕಟ್ಟಲು ನೆರವಾದವು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಪಡೆದವನು ಈ ವಾಂಟ್ ಹಾಫ್.

ಡಿ ವ್ರೀಸ್ ಸುಲಿದ ಆ ಎಲೆ ಯಾವುದು? ನಮ್ಮ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬರುವ ‘ರಿಯೋ’ ಎಲೆಯೇ ಅದು. ನೂರು ವರ್ಷ ದಾಟಿದ ಮೇಲೂ ಅದೇ ಗಿಡ, ಅದೇ ಪ್ರಯೋಗ ಪಾಠದಲ್ಲಿ ಉಳಿದಿದೆ.

ಅದೇ ಪಾಠದ ಕೊನೆಗೆ ಬಟಾಟಿಯ ಪ್ರಯೋಗವೂ ಇದೆ. ಸಿಪ್ಪೆ ತೆಗೆದ ಬಟಾಟಿಯ ನಾಲ್ಕು ಹೋಳುಗಳನ್ನು ಕೊರೆದು ಬಟ್ಟಲು ಮಾಡಬೇಕು. ಒಂದು ಖಾಲಿ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಉಪ್ಪು. ನಾಲ್ಕನೆಯದು ಬೇಯಿಸಿದ ಬಟಾಟಿ, ಅದರಲ್ಲೂ ಸಕ್ಕರೆ. ನಾಲ್ಕನ್ನೂ ನೀರಿನ ತಟ್ಟೆಯಲ್ಲಿಟ್ಟು ಸುಮಾರು ಎರಡು ತಾಸು ಬಿಟ್ಟರೆ ಹಸಿ ಬಟಾಟಿಯ ಸಕ್ಕರೆ, ಉಪ್ಪಿನ ಬಟ್ಟಲುಗಳಲ್ಲಿ ನೀರು ಕೂಡುತ್ತದೆ. ಖಾಲಿಯದರಲ್ಲೂ ಬೆಂದದ್ದರಲ್ಲೂ ಕೂಡುವುದಿಲ್ಲ. ಬೆಂದ ಬಟಾಟಿಯಲ್ಲೂ ಕೋಶಭಿತ್ತಿ ಇದೆ, ಆದರೂ ಕೆಲಸ ನಡೆಯಲಿಲ್ಲ. ಏಕೆಂದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಆಯುವುದು ಗೋಡೆಯಲ್ಲ, ಗೋಡೆಗೆ ಒಳಗಡೆ ಅಂಟಿಕೊಂಡಿರುವ ಜೀವಂತ ಪೊರೆ. ಬೇಯಿಸಿದಾಗ ಆ ಪೊರೆ ಕೆಡುತ್ತದೆ. ಗೋಡೆ ಆಕಾರ ಕೊಡುತ್ತದೆ, ನೀರು ತುಂಬಿ ಉಬ್ಬಿದಾಗ ಕೋಶ ಒಡೆಯದಂತೆ ಕಾಯುತ್ತದೆ. ಪರೀಕ್ಷೆಯಲ್ಲಿ ಈ ಎರಡನ್ನೂ ಅದಲುಬದಲು ಮಾಡುವ ಮಕ್ಕಳು ಬಹಳ. ನಾಲ್ಕನೆಯ ಬಟ್ಟಲನ್ನು ಕಣ್ಣಿಂದ ಕಂಡ ಮಗು ಆ ತಪ್ಪು ಮಾಡುವ ಸಂಭವ ಕಡಿಮೆ.

ಮಾಡಿ ನೋಡುವುದರಲ್ಲಿ ಎಡವಟ್ಟುಗಳೂ ಇವೆ, ಅವೂ ಪಾಠವೇ. ಉಳ್ಳಾಗಡ್ಡಿಯ ಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಹಾಸಿ, ಮುಚ್ಚುಗಾಜನ್ನು ಓರೆಯಾಗಿ ಇಳಿಸದೆ ಒಮ್ಮೆಲೇ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಬೀಳುತ್ತವೆ. ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಕೋಶವೆಂದು ಬರೆದ ಮಗುವನ್ನು ಗದರಿಸಬಾರದು. ಅದು ಕಂಡದ್ದನ್ನು ಬರೆದಿದೆ. ಕಾಣದೆ ಪುಸ್ತಕದ ಚಿತ್ರ ಇಳಿಸಿದ ಜರ್ನಲ್‌ಗಿಂತ ಅದೇ ಮೇಲು.

ಇದು ಅಂಕಗಳಿಗಷ್ಟೇ ಸೇರಿದ ಮಾತಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ ಶಿಂಗಟಾಲೂರು ಏತ ನೀರಾವರಿ ಬಂದಿದೆ. ಮಳೆಯನ್ನೇ ನಂಬಿದ್ದ ಸೀಮೆಗೆ ನೀರು ಬರುವುದು ಸಂತೋಷದ ಸಂಗತಿ. ಆದರೆ ಎರೆ ಭೂಮಿಯಲ್ಲಿ ನೀರು ಬಸಿಯದೆ ನಿಂತರೆ ಕೆಳಗಿನ ಲವಣ ಮೇಲೇರಿ ನೆಲ ಸವಳಾಗುತ್ತದೆ. ಆಗ ಹೊಲ ಹಸಿಯಾಗಿದ್ದರೂ ಬೆಳೆ ಬಾಡುತ್ತದೆ. ಹೊರಗಿನ ಮಣ್ಣಿನ ನೀರಲ್ಲಿ ಉಪ್ಪು ಹೆಚ್ಚಾದರೆ ಬೇರಿನ ಕೋಶಗಳಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ನೀರು ಸಾಲಲಿಲ್ಲವೆಂದು ಬಸಿಗಾಲುವೆಯಿಲ್ಲದ ಹೊಲಕ್ಕೆ ಇನ್ನಷ್ಟು ಹಾಯಿಸಿದರೆ ಕೇಡು ಹೆಚ್ಚುತ್ತದೆ. ಬುಡಕ್ಕೇ ಯೂರಿಯಾ ಸುರಿದಾಗ ಸಸಿ ಸುಟ್ಟಂತಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ರಿಯೋ ಎಲೆಯ ಕೋಶ ಉಪ್ಪುನೀರಿನಲ್ಲಿ ಕುಗ್ಗಿದ್ದನ್ನು ಕಂಡ ಹುಡುಗ, ಹುಡುಗಿ ನಾಳೆ ಹೊಲದ ಬದುವಿನ ಮೇಲೆ ನಿಂತಾಗ ಇದನ್ನು ನೆನೆದಾರು.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ರಂಗಮಂಟಪ ಕಟ್ಟಿಸುವ ಮಾತು ಕೇಳಿಬರುತ್ತಿದೆ, ಆಗಲಿ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳು ಕೂಡಿ ನಾಲ್ಕಾರು ಸೂಕ್ಷ್ಮದರ್ಶಕ ಕೊಡಿಸಲಿ. ಶಾಲೆಯ ಅಂಗಳದಲ್ಲಿ ಒಂದು ರಿಯೋ ಗಿಡ ನೆಡೋಣ. ಉಳ್ಳಾಗಡ್ಡಿ ತರುವ ಚಿಂತೆ ಬೇಡ, ಅದು ನಮ್ಮ ಹೊಲದಲ್ಲೇ ಇದೆ. ಒಂಬತ್ತನೆಯ ತರಗತಿಯ ಪ್ರತಿ ಮಗುವೂ ವರ್ಷಕ್ಕೊಮ್ಮೆಯಾದರೂ ತನ್ನ ಕೈಯಿಂದ ಪೊರೆ ಸುಲಿದು, ತನ್ನ ಕಣ್ಣಿಂದ ನೋಡಿ, ಕಂಡದ್ದನ್ನೇ ಜರ್ನಲ್‌ನಲ್ಲಿ ಬರೆಯುವಂತಾಗಲಿ.