ಕಾಸು ಕೊಟ್ಟವರ ಚಿತ್ರ: ಮದ್ರಾಸಿನ ಫೋಟೊಗ್ರಾಫರ್ ಕಸುಬಿನ ಕಥೆ

ಮದುವೆ ಸೀಸನ್ನಿನ ಯಾವುದಾದರೂ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿಗೆ ಹೋಗಿ ನೋಡಿ. ಕಾರ್ಲ್ ಸ್ಮಿಟ್ ಸ್ಮಾರಕದ ಬಿಳಿ ಕಮಾನಿನ ಸುತ್ತ ಎರಡು ಮೂರು ಜೋಡಿಗಳಾದರೂ ಕ್ಯಾಮೆರಾದ ಮುಂದೆ ನಿಂತಿರುತ್ತವೆ. ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ 1930ರಲ್ಲಿ ತಾನೇ ನೀರುಪಾಲಾದ ಡೇನಿಶ್ ನಾವಿಕನ ನೆನಪಿಗೆ ಕಟ್ಟಿದ್ದು ಅದು. ಮದುಮಕ್ಕಳಿಗೆ ಚೆಂದದ ಹಿನ್ನೆಲೆ. ಫೋಟೊಗ್ರಾಫರಿಗೋ ಬಿಸಿಲು ಏರುವ ಮೊದಲು ಮುಗಿಸಲೇಬೇಕಾದ ದಿನದ ದುಡಿಮೆ.

ಇದೆಲ್ಲ ಈಚಿನ ಖಯಾಲಿ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಆದರೆ ಈ ಊರಿನಲ್ಲಿ ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆದವರಿಗೆ ಒಂದೂಮುಕ್ಕಾಲು ಶತಮಾನದಷ್ಟು ಹಳೆಯ ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿಯಲು ಒಂದೇ ಪ್ರಶ್ನೆ ಕೇಳಿದರೂ ಸಾಕು: ಈ ಚಿತ್ರಕ್ಕೆ ಕಾಸು ಕೊಟ್ಟವರು ಯಾರು?

ಮೊದಲು ಕಾಸು ಕೊಟ್ಟದ್ದು ಸರ್ಕಾರ. ಆ ಕಥೆ ಶುರುವಾಗುವುದು ನಮ್ಮ ಹಾಸನ ಜಿಲ್ಲೆಯಿಂದ. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಮದ್ರಾಸ್ ಸೇನೆಯ ಅಧಿಕಾರಿ, ಡಾ. ನೀಲ್ ಎಂಬ ವೈದ್ಯರ ಜೊತೆ ಬೇಲೂರು ಹಳೇಬೀಡಿಗೆ ಹೋಗಿ ಅಲ್ಲಿನ ದೇವಾಲಯಗಳ ಚಿತ್ರ ತೆಗೆದ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕ ಬಂತು. ಮದ್ರಾಸಿನ ಜನ ಫೋಟೊ ಎಂದರೇನೆಂದು ಕಣ್ಣರಳಿಸಿ ನೋಡುತ್ತಿದ್ದ ಕಾಲದಲ್ಲಿ ಅವರ ಮುಂದೆ ನಿಂತದ್ದು ಹೊಯ್ಸಳರ ಕಲ್ಲು. ಮರುವರ್ಷ ಟ್ರೈಪ್ ಮದ್ರಾಸ್ ಸರ್ಕಾರದ ಅಧಿಕೃತ ಫೋಟೊಗ್ರಾಫರ್ ಆದ. 1857ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿ, ಆ ವರ್ಷದ ಕೊನೆಗೆ ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ತಿರುಚ್ಚಿ, ಮದುರೆ, ಪುದುಕ್ಕೋಟ್ಟೈ, ತಂಜಾವೂರು ಸುತ್ತಿದ. ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದ ಶಾಸನವನ್ನು ತುಂಡು ತುಂಡಾಗಿ ಚಿತ್ರಿಸಿ, 21 ಪ್ರಿಂಟುಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರ ಮಾಡಿದ. 1859ರಲ್ಲಿ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್‌ಗೆ ಇದೆಲ್ಲ ದುಂದು ಅನ್ನಿಸಿತು. ಇಲಾಖೆ ಮುಚ್ಚಿತು. ಸರ್ಕಾರದ ಖಜಾನೆಯಿಂದ ಬದುಕುವ ಫೋಟೊಗ್ರಾಫರನ ಪಾಡು ಎಷ್ಟು ಅಭದ್ರ ಎಂಬುದು ಅಂದೇ ಗೊತ್ತಾಯಿತು.

ಅಷ್ಟರಲ್ಲಿ ಕಸುಬು ಬೇರೆ ಕೈಗಳಿಗೂ ದಾಟಿತ್ತು. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಆರಂಭಿಸಿದ ಕಲಾಶಾಲೆಯಲ್ಲಿ ಫೋಟೊಗ್ರಫಿಯೂ ಪಾಠವಾಯಿತು. ಊರಿನ ಹುಡುಗರು ಅದನ್ನು ಕಲಿತರು. ಎಗ್ಮೋರ್ ಸ್ಟೇಷನ್ನಿನಿಂದ ದೂರವಿಲ್ಲದ ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು ಅದೇ.

ಎರಡನೆಯದಾಗಿ ಕಾಸು ಕೊಟ್ಟವರು ಯೂರೋಪಿಯನ್ನರು. ಅಂಗೈಯಗಲದ ರಟ್ಟಿಗೆ ಅಂಟಿಸಿದ ಚಿಕ್ಕ ಚಿತ್ರಗಳು ಆಗ ಜಗತ್ತಿನಾದ್ಯಂತ ಬಿಸಿದೋಸೆಯಂತೆ ಖರ್ಚಾಗುತ್ತಿದ್ದವು. ಮದ್ರಾಸಿನ ನಿಕೋಲಸ್ ಕಂಪನಿಯಂಥ ಸ್ಟುಡಿಯೊಗಳು ಸಾಹೇಬರ ಭಾವಚಿತ್ರಗಳ ಜೊತೆಗೆ ಇಲ್ಲಿನ ಜನರ ಚಿತ್ರಗಳನ್ನೂ ಮಾರಿದವು. ಅವುಗಳಲ್ಲಿ ಗಂಡ ಹೆಂಡತಿಯರೂ ಇದ್ದರು. ಆದರೆ ಅಡಿಬರಹದಲ್ಲಿ ಅವರ ಹೆಸರು ಇರಲಿಲ್ಲ. ಇಂಥ ಜಾತಿಯ ಗಂಡು, ಇಂಥ ಕಸುಬಿನ ಹೆಣ್ಣು, ಅಷ್ಟೇ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಪುಸ್ತಕ ತಂದಾಗಲೂ ಚಿತ್ರದಲ್ಲಿ ನಿಂತವರು ಮಾದರಿಗಳಾಗಿಯೇ ಉಳಿದರು. ಚಿತ್ರ ಅವರದು, ಆದರೆ ಅವರಿಗಾಗಿ ತೆಗೆದದ್ದಲ್ಲ.

ಊರಿನ ಬೀದಿಗಳಿಗೂ ಇಂಥದೇ ಗಿರಾಕಿ ಸಿಕ್ಕ. 1880ರ ದಶಕದಲ್ಲಿ ಶುರುವಾದ ವೀಲ್ ಅಂಡ್ ಕ್ಲೈನ್ ಸ್ಟುಡಿಯೊ ಮದ್ರಾಸಿನ ದೃಶ್ಯಗಳನ್ನು ತೆಗೆಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಂಥ ದೃಶ್ಯಗಳು ಪೋಸ್ಟ್‌ಕಾರ್ಡುಗಳಾಗಿ ಹಡಗು ಹತ್ತಿದವು. ಮೌಂಟ್ ರೋಡಿನ ಕಟ್ಟಡಗಳು, ಬಂದರು, ಮರೀನಾ. ದೂರದೇಶದ ನೆಂಟರಿಗೆ ಕಳಿಸಲು ಯೋಗ್ಯವಾದ ಮದ್ರಾಸು ಹೇಗಿರಬೇಕೋ ಹಾಗಿತ್ತು ಅದು.

ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ನಮ್ಮ ಅಜ್ಜ ಅಜ್ಜಿಯರ ಜೋಡಿ ಫೋಟೊದ ಬೆಲೆ ತಿಳಿಯುತ್ತದೆ. ಚಿತ್ರದಲ್ಲಿ ಇದ್ದವರೇ ಚಿತ್ರಕ್ಕೆ ಕಾಸು ಕೊಟ್ಟದ್ದು ಅಲ್ಲಿಂದ. ಕ್ಯಾಮೆರಾ ಭಾರ, ಮನೆಯೊಳಗೆ ಬೆಳಕು ಸಾಲದು. ಹಾಗಾಗಿ ಮದುವೆಯಾದ ಕೆಲವು ದಿನಕ್ಕೆ ದಂಪತಿಗಳೇ ಸ್ಟುಡಿಯೊಗೆ ಹೋಗುತ್ತಿದ್ದರು. ಹಿಂದೆ ಕಂಬ, ತೋಟ, ಮೆಟ್ಟಿಲು ಬರೆದ ಪರದೆ. ಕುರ್ಚಿಯಲ್ಲಿ ಗಂಡ, ಪಕ್ಕದಲ್ಲಿ ನಿಂತ ಹೆಂಡತಿ. ಕೆಲವು ದಶಕಗಳು ಕಳೆದ ಮೇಲೆ ಇಬ್ಬರೂ ಸಮಸಮವಾಗಿ ಕೂತ ಚಿತ್ರಗಳು ಹೆಚ್ಚಾದವು. ಹಿರಿಯರ ಎದುರು ಅಕ್ಕಪಕ್ಕ ಕೂರಲೂ ಸಂಕೋಚಪಡುತ್ತಿದ್ದ ಮನೆಗಳಲ್ಲಿ, ಇನ್ನೂ ಸ್ವಲ್ಪ ಹತ್ತಿರ ಬನ್ನಿ ಎಂದು ಹೇಳುವ ಅಧಿಕಾರ ಇದ್ದದ್ದು ಫೋಟೊಗ್ರಾಫರನಿಗೆ ಮಾತ್ರ.

ಅದೇ ಅಧಿಕಾರಕ್ಕೆ ಇನ್ನೊಂದು ಮುಖವೂ ಇತ್ತು. ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತೆಳುವಾಗಿ ಗೀಚಿದರೆ ಆ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬೀಳುತ್ತದೆ. ಮೊಡವೆ, ಕಣ್ಣ ಕೆಳಗಿನ ಕಪ್ಪು ಮಾಯವಾಗುವುದು ಹೀಗೆ. ಸಂಬಂಧ ಕುದುರಿಸಲು ಕಳಿಸುವ ಹುಡುಗಿಯ ಫೋಟೊದಲ್ಲಿ ಮುಖದ ಬಣ್ಣವೂ ಹೀಗೆಯೇ ತಿಳಿಯಾಯಿತು. ಫೋನಿನ ಫಿಲ್ಟರನ್ನು ಬೈಯುವವರು ಆ ಪೆನ್ಸಿಲನ್ನು ನೆನಪಿಟ್ಟುಕೊಳ್ಳಬೇಕು.

ಎಲೆಕ್ಟ್ರಾನಿಕ್ ಫ್ಲಾಷ್, ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಫೋಟೊಗ್ರಾಫರನೇ ಕಲ್ಯಾಣಮಂಟಪಕ್ಕೆ ಬಂದ. 120 ರೋಲಿನಲ್ಲಿ ಚೌಕದ ಚಿತ್ರ ಬರುವುದು ಹನ್ನೆರಡೇ. ಹನ್ನೊಂದನೆಯದು ಮುಗಿದಾಗ ಗಟ್ಟಿಮೇಳ ಮೊಳಗಿಬಿಟ್ಟರೆ? ಆದ್ದರಿಂದ ಅವನಿಗೆ ಮುಹೂರ್ತದ ಕ್ರಮ ಪುರೋಹಿತರಷ್ಟೇ ಬಾಯಿಪಾಠ ಇರಬೇಕಿತ್ತು. ತಮಿಳರ ಮನೆಯಲ್ಲಿ ಊಂಜಲ್ ಯಾವಾಗ, ಕನ್ನಡದವರ ಮನೆಯಲ್ಲಿ ಅಂತರಪಟ ಸರಿಯುವುದು ಯಾವಾಗ, ಜೀರಿಗೆ ಬೆಲ್ಲ ತಲೆಗೆ ಬೀಳುವುದು ಯಾವಾಗ. ಎರಡೂ ಮನೆಯವರ ಶಾಸ್ತ್ರ ಕಂಡವನಿಗೆ ವಲಸಿಗರ ಈ ಊರಿನಲ್ಲಿ ಕೆಲಸ ತಪ್ಪುತ್ತಿರಲಿಲ್ಲ. 1967ರಿಂದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನ ಕಪ್ಪು ಬಿಳುಪು ಫಿಲ್ಮು, ಕಾಗದ ತಯಾರಿಸತೊಡಗಿತು. ದಕ್ಷಿಣದ ಎಷ್ಟೋ ಮದುವೆಗಳು ನೀಲಗಿರಿಯ ತಂಪಿನಲ್ಲಿ ತಯಾರಾದ ಬೆಳ್ಳಿಯ ಲೇಪದ ಮೇಲೆ ಮೂಡಿದವು.

ಅದೇ 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು, ಪುರೋಹಿತರಿಲ್ಲದೆ ನಡೆಯುವ ಸ್ವಾಭಿಮಾನ ವಿವಾಹಗಳಿಗೆ ಮಾನ್ಯತೆ ಕೊಟ್ಟಿತು. ನೆಂಟರಿಷ್ಟರ ಮುಂದೆ ಹಾರ ಬದಲಿಸಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಮದುವೆಯೇ. ಅಗ್ನಿಸಾಕ್ಷಿ ಇಲ್ಲದ ಮಂಟಪದಲ್ಲಿ ಕ್ಯಾಮೆರಾದ ಸಾಕ್ಷಿಗೆ ತೂಕ ಬಂತು. ಇಂದು ಹೊರದೇಶದ ಕೆಲಸಕ್ಕೆ ಸಂಗಾತಿಯನ್ನು ಕರೆದೊಯ್ಯಲು ವೀಸಾ ಅರ್ಜಿಯ ಜೊತೆ ಮದುವೆಯ ಫೋಟೊ ಲಗತ್ತಿಸುವ ನಮ್ಮವರಿಗೆ ಆ ತೂಕ ಚೆನ್ನಾಗಿಯೇ ಗೊತ್ತು.

ಜೋಡಿಗಳು ಹೇಗೆ ನಿಲ್ಲಬೇಕೆಂದು ಕಲಿಸಿದ್ದು ಕೋಡಂಬಾಕ್ಕಂ. 1954ರ 'ಬೇಡರ ಕಣ್ಣಪ್ಪ' ಸೇರಿ ಎಷ್ಟೋ ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳಲ್ಲೇ ತಯಾರಾದವು. ಪತ್ರಿಕೆಗೆ, ಪೋಸ್ಟರಿಗೆ ಬೇಕಾದ ಚಿತ್ರ ತೆಗೆಯುವ ಸ್ಟಿಲ್ ಫೋಟೊಗ್ರಾಫರುಗಳಿಗೆ ಅಲ್ಲಿ ಕೈತುಂಬ ಕೆಲಸ. 1958ರ 'ನಾಡೋಡಿ ಮನ್ನನ್' ಚಿತ್ರದ ಸ್ಟಿಲ್‌ಗಳನ್ನು ಪತ್ರಿಕೆಗಳಿಗೆ ಹಂಚುತ್ತಲೇ ಫಿಲ್ಮ್ ನ್ಯೂಸ್ ಆನಂದನ್ ತಮಿಳು ಚಿತ್ರರಂಗದ ಪ್ರಚಾರಕರಾದರು, ಮುಂದೆ ಅದರ ಚರಿತ್ರೆಯ ಕಣಜವೇ ಆದರು. ಆ ಪೋಸ್ಟರುಗಳ ಮೋಹ ಮರೀನಾದ ಮರಳಿಗೂ ಇಳಿಯಿತು. ಸಿನಿಮಾ ತಾರೆಯರ ಆಳೆತ್ತರದ ಕಟ್‌ಔಟುಗಳನ್ನು ನಿಲ್ಲಿಸಿಕೊಂಡು, ಅವರ ಹೆಗಲಿಗೆ ಕೈ ಹಾಕಿದಂತೆ ನಿಮ್ಮ ಚಿತ್ರ ತೆಗೆದುಕೊಡುವ ಫೋಟೊಗ್ರಾಫರುಗಳು ಅಲ್ಲಿ ಬದುಕು ಕಟ್ಟಿಕೊಂಡರು. ಪ್ರತಿಯೊಬ್ಬರ ಜೇಬಿಗೂ ಕ್ಯಾಮೆರಾ ಬಂದಾಗ ಮೊದಲು ಪೆಟ್ಟು ತಿಂದವರೂ ಅವರೇ.

ಇಷ್ಟೆಲ್ಲದರಲ್ಲಿ ಉಳಿದದ್ದೇನು? ಟ್ರೈಪ್ ತೆಗೆದ ಕಲ್ಲಿನ ಚಿತ್ರಗಳು ಲಂಡನ್ನಿನಲ್ಲಿ ಜೋಪಾನವಾಗಿವೆ. ಜೋಡಿ ಚಿತ್ರಗಳ ಗತಿ ಬೇರೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೊಗಳನ್ನು ಹುಡುಕಿಕೊಂಡು ಹೋದಾಗ, ಬಹಳಷ್ಟು ಕಡೆ ನೆಗೆಟಿವ್‌ಗಳು ಆಗಲೇ ನಾಶವಾಗಿದ್ದವು. ಗಾಜಿನ ಹಲಗೆ ತೊಳೆದರೆ ಗಾಜಿಗೆ ಬೆಲೆ, ಫಿಲ್ಮು ಕರಗಿಸಿದರೆ ಬೆಳ್ಳಿಗೆ ಬೆಲೆ. ಅದರಲ್ಲಿದ್ದ ಮುಖಗಳಿಗೆ ಬೆಲೆಯಿರಲಿಲ್ಲ. ಮೂರು ತಲೆಮಾರಿನ ಮದುವೆಗಳು ಗುಜರಿ ಸೇರಿದ್ದು ಹೀಗೆ. ಅಳಿದುಳಿದವನ್ನು ಸ್ಕ್ಯಾನ್ ಮಾಡಿಟ್ಟದ್ದೇ ಆ ಯೋಜನೆಯ ಉಪಕಾರ.

ಇದರ ಹೊಣೆಯನ್ನೆಲ್ಲ ಸ್ಟುಡಿಯೊದವರ ತಲೆಗೆ ಕಟ್ಟುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಹಕ್ಕು ಗಿರಾಕಿಯದು, ನೆಗೆಟಿವ್ ಇದ್ದದ್ದು ಅಂಗಡಿಯಲ್ಲಿ. ಅಂಗಡಿಯವರು ಕಾಯುತ್ತಾರೆಂದು ಮನೆಯವರು, ಇನ್ನು ಯಾರೂ ಕೇಳಿ ಬರುವುದಿಲ್ಲವೆಂದು ಅಂಗಡಿಯವರು. ನಡುವೆ ಚಿತ್ರ ಹೋಯಿತು.

ಇವತ್ತು ಅಂಗಡಿಯ ಕಪಾಟಿನ ಜಾಗಕ್ಕೆ ಹಾರ್ಡ್ ಡಿಸ್ಕ್ ಬಂದಿದೆ. ಹನ್ನೆರಡು ಚಿತ್ರದ ರೋಲಿನ ಜಾಗಕ್ಕೆ ಸಾವಿರಾರು ಚಿತ್ರಗಳ ಫೋಲ್ಡರ್ ಬಂದಿದೆ. ಎರಡು ಮೂರು ವರ್ಷಕ್ಕೊಮ್ಮೆ ಊರು, ಮನೆ, ಫೋನು ಬದಲಿಸುವ ನಮ್ಮಂಥವರ ಕೈಯಲ್ಲಿ ಅದು ಗಾಜಿನ ಹಲಗೆಗಿಂತ ಗಟ್ಟಿಯೇನಲ್ಲ. ಮದುವೆ ಗೊತ್ತಾದವರು ಮುಂಗಡ ಕೊಡುವಾಗಲೇ, ಮೂಲ ಫೈಲುಗಳು ಯಾರ ಬಳಿ, ಎಷ್ಟು ದಿನ ಇರುತ್ತವೆ, ಬೇರೆಯವರಿಗೆ ತೋರಿಸಲು ಬಳಸಬಹುದೇ ಎಂಬುದನ್ನು ಬರಹದಲ್ಲಿ ಒಪ್ಪಿಕೊಳ್ಳುವುದು ಒಳ್ಳೆಯದು. ಆರಿಸಿ ಇಪ್ಪತ್ತು ಚಿತ್ರಗಳನ್ನಾದರೂ ಕಾಗದಕ್ಕೆ ಇಳಿಸಿ. ಊರಿಗೆ ಹೋದಾಗ ಟ್ರಂಕಿನಲ್ಲಿರುವ ಹಳೆಯ ಜೋಡಿ ಫೋಟೊಗಳನ್ನು ಹೊರತೆಗೆದು, ಅಜ್ಜಿಗೆ ನೆನಪಿರುವಾಗಲೇ ಯಾರು, ಯಾವ ವರ್ಷ, ಯಾವ ಊರು ಎಂದು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ರಟ್ಟಿನ ಮೂಲೆಯಲ್ಲಿ ಸ್ಟುಡಿಯೊದ ಮುದ್ರೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಇನ್ನೂ ಸ್ವಲ್ಪ ಹತ್ತಿರ ಬನ್ನಿ ಎಂದವನ ಗುರುತು ಆ ಮುದ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.